ಒಂದು ಗೋಡೆ ಸಾರಣೆಗೆ ಜನ ಹುಡುಕಿದ್ದು

ವಾಮಂಜೂರಿನ ನಮ್ಮದು ಹಳೇ ಕೆಂಪುಕಲ್ಲಿನ ಮನೆ. ಮಣ್ಣಿನಲ್ಲಿ ಕಟ್ಟಿ ಸುಣ್ಣದಲ್ಲಿ ಸಾರಿಸಿದ ಗೋಡೆ. ಪಡುಬದಿಗೆ ಮಳೆಯ ಎರಚಲು ಜಾಸ್ತಿ ಅಂತ ಅಲ್ಲಿಯ ಹಳತು ಕೆತ್ತಿಸಿ ಒಂದಕ್ಕೆ ಮೂರರ ಗಟ್ಟಿ ಸಿಮೆಂಟ್ ಸಾರಣೆ ಮಾಡಿಸಿದೆ. ಮೂರನೇ ಮಳೆಗಾಲಕ್ಕೆ, ತಟ್ಟಿದರೆ ಟೊಳ್ಳು ಸದ್ದು. ಒಂದು ರಾತ್ರಿ ಮಂಚದಷ್ಟು ಅಗಲದ ತುಂಡು ಅಂಗಳಕ್ಕೆ ಬಿತ್ತು. ಹಗಲಾದರೆ ಮೊಮ್ಮಗಳು ಅಲ್ಲೇ ಆಡುವುದು.

ಕೆಂಪುಕಲ್ಲು ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೆದು ಗೋಡೆಗೆ ಗಟ್ಟಿ ಸಿಮೆಂಟು ಹೊದೆಸಿದರೆ ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕಲ್ಲಿ ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಸುಣ್ಣದ್ದಾದರೆ ಉಸಿರಾಡುತ್ತದೆ. ಮಂಗಳೂರಿನ ಸೈಂಟ್ ಅಲೋಶಿಯಸ್ ಚಾಪೆಲ್ಲಿನ ಗೋಡೆಯಲ್ಲಿ ಆಂಟೋನಿಯೊ ಮೊಸ್ಕೇನಿ 1899-1901ರಲ್ಲಿ ಬರೆದ ಚಿತ್ರಗಳು ನಿಂತಿರುವುದೂ ಸುಣ್ಣದ ಸಾರಣೆಯ ಮೇಲೆಯೇ.

ಸಿಮೆಂಟಿನಲ್ಲಿ ಕಟ್ಟಿದ ಹೊಸ ಗೋಡೆಗೆ ಸಿಮೆಂಟೇ ಸರಿ. ಒಳಗೆ 1:6, ದಪ್ಪ 12 ಮಿ.ಮೀ.; ಹೊರಗೆ 1:4, ಎರಡು ಪದರದಲ್ಲಿ. ನೀರು ಹಾಕಿ ಕಲಸಿದ್ದು ಅರ್ಧ ಗಂಟೆಯೊಳಗೆ ಗೋಡೆ ಸೇರಬೇಕು, ಏಳು ದಿನವಾದರೂ ನೀರುಣಿಸಬೇಕು. ಜಿಪ್ಸಂಗೆ ನೀರುಣಿಸುವ ರಗಳೆಯಿಲ್ಲ, ನುಣುಪೂ ಚಂದ. ಹೊರಗೋಡೆಗೆ, ಬಚ್ಚಲಿಗೆ ಮಾತ್ರ ಬೇಡವೇ ಬೇಡ.

ಇನ್ನು ಮೇಸ್ತ್ರಿ. 'ಒಂದೇ ಗೋಡೆಯಾ?' ಅಂತ ಫೋನಿಟ್ಟವರೇ ಹೆಚ್ಚು. ಫ್ಲ್ಯಾಟಿನ ಕೆಲಸ ಬಿಟ್ಟು ಇಲ್ಲಿಗೆ ಯಾರು ಬರುತ್ತಾರೆ? ಬಂದ ಇಬ್ಬರೂ ಚದರಡಿ ಲೆಕ್ಕ ಹಾಕಿದರೇ ಹೊರತು ಗೋಡೆ ಮುಟ್ಟಿ ನೋಡಲಿಲ್ಲ. ಕೊನೆಗೆ ಹಂಚು ಕೈಯಾಡಿಸುವವರು ಗುರುಪುರದ ಕಡೆಯ ಒಬ್ಬ ಹಿರಿಯರ ಗುರ್ತ ಹೇಳಿದರು. ಅವರು ಬಂದವರೇ ಗೋಡೆ ತಟ್ಟಿ, ಕೇಳಿದ್ದು ಒಂದೇ: 'ಇದು ಒಣಗಿ ಎಷ್ಟು ದಿನ ಆಯ್ತು?' ನನಗೆ ಅಷ್ಟು ಸಾಕಾಯಿತು.

ದಿನಗೂಲಿಗೆ ಒಪ್ಪಿದರು. ಸುಟ್ಟ ಚಿಪ್ಪಿನ ಸುಣ್ಣವನ್ನು ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಹದಿನೈದು ದಿನ ನೆನೆಸಿಟ್ಟರು. (ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.) ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಮೊದಲು ಮೊಳದಗಲ ಸಾರಿಸಿ ನಾಲ್ಕು ದಿನ ಕಾದರು, ಬಿರಿಯಲಿಲ್ಲ. ಮತ್ತೆ ಎರಡು ಪದರ, ಬಿಸಿಲು ಹೊಡೆಯದ ಹಾಗೆ ಒದ್ದೆ ಗೋಣಿ. ಪತ್ತನಾಜೆಗೆ ಮೊದಲೇ ಮುಗಿಯಿತು.

ಮಳೆಗಾಲ ಕಳೆದು ತಟ್ಟಿ ನೋಡಿದೆ. ಬುಡದಲ್ಲಿ ಅಂಗೈಯಷ್ಟು ಜಾಗ ಸದ್ದು ಮಾಡುತ್ತದೆ, ಉಳಿದದ್ದು ಗಟ್ಟಿ. ಬಡಗುಗೋಡೆಗೂ ಬನ್ನಿ ಎಂದರೆ, ಅಟ್ಟಣಿಗೆ ಹತ್ತಲು ಮೊಣಕಾಲು ಬಿಡುವುದಿಲ್ಲ, ಕಲಿಯುವವರು ಇದ್ದರೆ ಕೆಳಗೆ ಕೂತು ಹೇಳಿಕೊಡುತ್ತೇನೆ ಎಂದರು. ಮಗನನ್ನು ಒಪ್ಪಿಸಿದ್ದೇನೆ. ಇನ್ನೊಬ್ಬರು ಬೇಕು.