ಗಜನಿಯ ಗದ್ದೆಯಲ್ಲಿ ಭತ್ತವೂ ಸೀಗಡಿಯೂ

ಗದ್ದೆಗೆ ಉಪ್ಪು ನೀರು ನುಗ್ಗಿತೆಂದರೆ ಘಟ್ಟದ ಮೇಲಣ ರೈತನು ತಲೆಯ ಮೇಲೆ ಕೈಹೊತ್ತು ಕುಳಿತಾನು. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯು ಸಮುದ್ರವನ್ನು ಸೇರುವ ಅಳಿವೆಯ ಬಳಿ, ವರುಷಕ್ಕೊಮ್ಮೆ ಆ ನೀರನ್ನು ತಾವಾಗಿಯೇ ಗದ್ದೆಗೆ ಬರಮಾಡಿಕೊಳ್ಳುವ ರೈತರಿದ್ದಾರೆ. ಈ ತಗ್ಗು ನೆಲಕ್ಕೆ ಗಜನಿಯೆಂದು ಹೆಸರು. ಮಳೆಗಾಲದಲ್ಲಿ ಭತ್ತವನ್ನೂ ಬೇಸಿಗೆಯಲ್ಲಿ ಸೀಗಡಿಯನ್ನೂ ಒಂದೇ ಗದ್ದೆಯು ಕೊಡುವ ಬಗೆ ಹೇಗೆಂಬದನ್ನು ನಮ್ಮ ವಾಚಕಿಯರಿಗೆ ತುಸು ವಿವರಿಸಲಪೇಕ್ಷಿಸುತ್ತೇವೆ.

ಮೊದಲು ಭತ್ತದ ಮಾತು. ಜೂನ್ ತಿಂಗಳಲ್ಲಿ ಮುಂಗಾರು ಹಿಡಿದ ಮೇಲೆ ಮಳೆಯ ನೀರು ನೆಲದ ಉಪ್ಪನ್ನು ಕರಗಿಸುತ್ತದೆ. ಇಳಿತದ ಹೊತ್ತಿನಲ್ಲಿ ಏರಿಯ ತೂಬನ್ನು ತೆರೆದು ಆ ನೀರನ್ನು ಹೊಳೆಗೆ ಬಿಡುವರು. ಭರತದ ಹೊತ್ತಿನಲ್ಲಿ ಹಲಗೆಯಿಟ್ಟು ಮುಚ್ಚುವರು. ಹೀಗೆ ತೊಳೆದರೂ ಉಪ್ಪು ಪೂರಾ ಹೋಗುವದಿಲ್ಲ. ಆದಕಾರಣ ಸಾಧಾರಣ ಭತ್ತವು ಇಲ್ಲಿ ಬದುಕಲಾರದು. ಈ ನೆಲಕ್ಕೆ ತಕ್ಕದ್ದು ಕಗ್ಗವೆಂಬ ತಳಿ. ಅದು ಎತ್ತರವಾಗಿ ಬೆಳೆಯುವದು, ಉಪ್ಪನ್ನು ಸಹಿಸುವದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದೆ ಪುನಃ ತಲೆಯೆತ್ತುವದು. ಅದರ ಅಕ್ಕಿ ಕೆಂಪು. ಅಕ್ಟೋಬರಿನ ಸುಮಾರಿಗೆ ಕೊಯ್ಲು. ಆಗ ತೆನೆಯ ಭಾಗವನ್ನು ಕೊಯ್ದು, ಹುಲ್ಲಿನ ಬುಡವನ್ನು ಗದ್ದೆಯಲ್ಲಿಯೇ ಬಿಡುವರು. ಇದು ಸೋಮಾರಿತನವಲ್ಲ, ಮುಂದಿನ ಬೆಳೆಗೆ ಇಟ್ಟ ಬುತ್ತಿ.

ಇನ್ನು ಸೀಗಡಿ. ನಮ್ಮ ಕರಾವಳಿಯಲ್ಲಿ ಇದಕ್ಕೆ ಶೆಟ್ಲಿ, ಎಟ್ಟಿ ಎಂಬ ಹೆಸರುಗಳೂ ಉಂಟು. ಇದು ಮೊಟ್ಟೆಯಿಡುವದು ಸಮುದ್ರದಲ್ಲಿ. ಮರಿಗಳು ಭರತದೊಡನೆ ಅಳಿವೆಗೆ ಬಂದು, ಅಲ್ಲಿಯ ಸವಳು ನೀರಿನಲ್ಲಿ ಕೆಲವು ತಿಂಗಳು ಬೆಳೆದು, ತಿರಿಗಿ ಸಮುದ್ರಕ್ಕೆ ಹೋಗುತ್ತವೆ. ಕೊಯ್ಲಾದ ತರುವಾಯ ತೂಬನ್ನು ತೆರೆದರೆ ಕರೆಯದೆಯೇ ಗದ್ದೆಯೊಳಗೆ ಬರುತ್ತವೆ. ಅಲ್ಲಿ ನೀರಿನಲ್ಲಿ ಕೊಳೆಯುವ ಹುಲ್ಲಿನಿಂದ ಅಸಂಖ್ಯಾತ ಸೂಕ್ಷ್ಮ ಜೀವಿಗಳು ಹುಟ್ಟಿ, ಈ ಮರಿಗಳಿಗೆ ಆಹಾರವಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಭರತ ಇಳಿತಗಳು ಬಲವಾಗಿರುವದರಿಂದ, ಆಗ ತೂಬಿನ ಬಾಯಿಗೆ ಬಲೆಯೊಡ್ಡಿ, ಹೊರಗೆ ಹರಿಯುವ ನೀರಿನಲ್ಲಿ ಬೆಳೆದ ಸೀಗಡಿಗಳನ್ನು ಹಿಡಿಯುವರು.

ಭತ್ತವು ಸೀಗಡಿಗೆ ಉಣಿಸಿದಂತೆ ಸೀಗಡಿಯು ಭತ್ತಕ್ಕೆ ಉಣಿಸುವದೂ ಉಂಟು. ಸೀಗಡಿ ಮೀನುಗಳ ಮಲವೂ ಭರತವು ಹೊತ್ತು ತಂದ ಗೋಡೂ ಮುಂದಿನ ಪೈರಿಗೆ ಗೊಬ್ಬರ. ಅಂಗಡಿಯ ಗೊಬ್ಬರ ಬೇಕಾಗದು. ಕೀಟನಾಶಕವನ್ನಂತೂ ಸಿಂಪಡಿಸಲೇ ಬಾರದು. ಯಾಕಂದರೆ ಸೀಗಡಿಯು ಕೀಟಗಳ ದೂರದ ನಂಟನಾದ್ದರಿಂದ, ಅವುಗಳನ್ನು ಕೊಲ್ಲುವ ವಿಷವು ಇದನ್ನೂ ಕೊಲ್ಲುವದು. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಕ್ರಮವುಂಟು.

ಇಂಥ ಸ್ನೇಹವನ್ನು ಕೆಡಿಸಿದ್ದು ದುರಾಶೆ. ಪರದೇಶಗಳಲ್ಲಿ ಸೀಗಡಿಗೆ ಬೆಲೆಯೇರಲು, ವರುಷವಿಡೀ ಉಪ್ಪು ನೀರನ್ನೇ ನಿಲ್ಲಿಸಿ, ಕೊಂಡುತಂದ ಮರಿಗಳನ್ನು ಒತ್ತಾಗಿ ತುಂಬಿ ಸಾಕುವ ರೂಢಿಯು 1990ರ ದಶಕದಲ್ಲಿ ನಮ್ಮ ದೇಶದ ಕರಾವಳಿಗಳಲ್ಲಿ ಹಬ್ಬಿತು. ಭತ್ತವು ಮೂಲೆ ಸೇರಿತು. ಆ ದಶಕದ ನಡುವೆ ಬಿಳಿ ಚುಕ್ಕೆಯ ರೋಗವು ಬಂದು ಸೀಗಡಿಯ ಕೊಳಗಳನ್ನು ಬರಿದು ಮಾಡಿತು. 1996ರ ದಶಂಬರದಲ್ಲಿ ಸುಪ್ರೀಂ ಕೋರ್ಟು ಕಡಲಂಚಿನ ಇಂಥ ಕೊಳಗಳನ್ನು ತೆಗೆಯಬೇಕೆಂದು ತೀರ್ಪಿತ್ತಾಗ್ಯೂ, ಪೂರ್ವಪದ್ಧತಿಯ ಸಾಕಣೆಗೆ ಅಡ್ಡಿಮಾಡಲಿಲ್ಲ. ಈ ಭೇದವು ಗಮನಿಸತಕ್ಕದ್ದು.

ಹೋದ ಹಣವನ್ನು ಇನ್ನೊಂದು ವರುಷ ಗಳಿಸಬಹುದು. ಹೋದ ಬೀಜವನ್ನು ಹಾಗೆ ಗಳಿಸಲಾಗದು. ಮನೆಯ ಕಣಜದಲ್ಲಿಟ್ಟ ಭತ್ತವು ಮೊಳೆಯುವ ಶಕ್ತಿಯನ್ನು ಬಹುಕಾಲ ಉಳಿಸಿಕೊಳ್ಳಲಾರದು. ಕೆಲವು ವರುಷ ಬಿತ್ತದೆ ಬಿಟ್ಟರೆ ಆ ಊರಿನ ಕಗ್ಗವು ತೀರಿತೆಂದೇ ತಿಳಿಯಬೇಕು. ಮಾಣಿಕಟ್ಟಾ ಗ್ರಾಮದ ರೈತರು ಒಟ್ಟುಗೂಡಿ ಕಗ್ಗವನ್ನು ಬಿತ್ತಿ ಉಳಿಸಿಕೊಂಡು ಬಂದದ್ದು ಆದಕಾರಣ ಸಣ್ಣ ಕೆಲಸವಲ್ಲ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಯಲ್ಲಿ ಸೇರಿತು. ಆದರೆ ಪಟ್ಟಿಯು ಬೀಜವನ್ನು ಬಿತ್ತದು, ಬಿತ್ತುವದು ಕೈ.

ನಮ್ಮ ಎಲೆಯಲ್ಲಿ ಕೆಂಪಕ್ಕಿಯ ಅನ್ನವೂ ಸೀಗಡಿಯ ಸಾರೂ ಕೂಡಿ ಬಂದಾಗ, ಅವು ಗದ್ದೆಯಲ್ಲಿಯೂ ಕೂಡಿ ಬಾಳಿದವುಗಳಾಗಿರಬಹುದೆಂಬದನ್ನು ನೆನೆಯೋಣ. ಒಂದನ್ನು ಬಿಟ್ಟು ಇನ್ನೊಂದನ್ನೇ ಬಯಸಿದವರಿಗೆ ಕಡೆಯಲ್ಲಿ ಎರಡೂ ದಕ್ಕಲಿಲ್ಲ.