ತೂಕ ಒಂದೇ, ಜೋಡಣೆ ಬೇರೆ

ತಾಯಿಯ ಎದೆಹಾಲಿನ ಘನಪದಾರ್ಥಗಳಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಒಲಿಗೋಸ್ಯಾಕರೈಡ್‌ಗಳದು. ಇವು ಕೆಲವೇ ಸಕ್ಕರೆ ಘಟಕಗಳು ಕೂಡಿ ಆದ ಸಂಕೀರ್ಣ ಕಾರ್ಬೋಹೈಡ್ರೇಟ್‌ಗಳು. ಲೀಟರಿಗೆ ಸುಮಾರು 5ರಿಂದ 15 ಗ್ರಾಂ ಇರುತ್ತವೆ. ಶಿಶು ಇವನ್ನು ಜೀರ್ಣಿಸಿಕೊಳ್ಳಲಾರದು. ಅದರ ಕರುಳಿನಲ್ಲಿ ನೆಲೆಸುವ ಬೈಫಿಡೋಬ್ಯಾಕ್ಟೀರಿಯಗಳಿಗೆ ಇವು ಆಹಾರ. ನೂರೈವತ್ತಕ್ಕೂ ಹೆಚ್ಚು ಬಗೆಗಳು ಪತ್ತೆಯಾಗಿದ್ದರೂ ಅವೆಲ್ಲ ಐದೇ ಘಟಕಗಳಿಂದ ಆದವು: ಗ್ಲೂಕೋಸ್, ಗ್ಯಾಲಕ್ಟೋಸ್, ಎನ್-ಅಸಿಟೈಲ್‌ಗ್ಲೂಕೋಸಮೈನ್, ಫ್ಯೂಕೋಸ್, ಸಿಯಾಲಿಕ್ ಆಮ್ಲ.

ಇವುಗಳ ಜೋಡಣೆ ಅರಿಯಲು ಬಳಸುವುದು, ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ನಿರ್ವಾತದಲ್ಲಿ ಹಾಯಿಸಿ, ಅವುಗಳ ರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ. ಸಕ್ಕರೆಗಳು ಇದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಕಾಯಿಸಿದರೆ ಆವಿಯಾಗುವ ಮೊದಲೇ ಅವು ಕರಕಲಾಗುತ್ತವೆ. ದೊಡ್ಡ ಜೈವಿಕ ಅಣುಗಳನ್ನು ಒಡೆಯದೆ ಅಯಾನುಗಳಾಗಿಸುವ ಮೃದು ವಿಧಾನಗಳು 1980ರ ದಶಕದಲ್ಲಿ ಬಂದ ಮೇಲೆ ದಾರಿ ತೆರೆಯಿತು. ಆ ಕೆಲಸಕ್ಕಾಗಿ ಜಾನ್ ಫೆನ್ ಮತ್ತು ಕೊಯಿಚಿ ತನಾಕ 2002ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ರಾಶಿ ಸಿಕ್ಕರೆ ಮುಂದಿನದು ಕೂಡುವ ಲೆಕ್ಕ. ಸರಪಳಿಯೊಳಗೆ ಗ್ಲೂಕೋಸ್ ಅಥವಾ ಗ್ಯಾಲಕ್ಟೋಸ್ 162.05 ಡಾಲ್ಟನ್ (ಅಣುರಾಶಿಯ ಮಾನ), ಫ್ಯೂಕೋಸ್ 146.06. ಮೊದಲಿನದು ಎರಡು, ಫ್ಯೂಕೋಸ್ ಒಂದು, ತುದಿಗಳಲ್ಲಿ ಉಳಿಯುವ ನೀರಿನ ಅಂಶ 18.01, ಒಟ್ಟು 488.17. ಸೋಡಿಯಂ ಅಯಾನು ಅಂಟಿಕೊಂಡರೆ 511.16ರಲ್ಲಿ ಗೆರೆ ಮೂಡುತ್ತದೆ. ತೊಡಕು ಇರುವುದು ಇಲ್ಲೇ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳ ಅಣುಸೂತ್ರ ಒಂದೇ. ಮೇಲಾಗಿ, ಪ್ರೋಟೀನಿನಂತೆ ಒಂದೇ ಬಗೆಯ ಬಂಧದಲ್ಲಿ ಸಾಲಾಗಿ ಪೋಣಿಸಿಕೊಳ್ಳುವ ಕಟ್ಟುಪಾಡು ಸಕ್ಕರೆಗಳಿಗಿಲ್ಲ. ಉಂಗುರದ ಯಾವ ಹೈಡ್ರಾಕ್ಸಿಲ್ ಗುಂಪಿನಿಂದಲಾದರೂ ಕೊಂಬೆ ಹೊರಡಬಹುದು. ಎದೆಹಾಲಿನ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್‌ನಲ್ಲಿ ಫ್ಯೂಕೋಸ್ ಕೂತಿರುವುದು ಗ್ಯಾಲಕ್ಟೋಸ್ ಮೇಲೆ, 3-ಫ್ಯೂಕೋಸಿಲ್‌ಲ್ಯಾಕ್ಟೋಸ್‌ನಲ್ಲಿ ಗ್ಲೂಕೋಸ್ ಮೇಲೆ. ಎರಡರ ರಾಶಿಯಲ್ಲಿ ಎಳ್ಳಷ್ಟೂ ಅಂತರವಿಲ್ಲ.

ಆದ್ದರಿಂದ ಅಯಾನನ್ನು ಉಪಕರಣದೊಳಗೇ ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯಬೇಕಾಗುತ್ತದೆ. 3-ಫ್ಯೂಕೋಸಿಲ್‌ಲ್ಯಾಕ್ಟೋಸ್‌ನಿಂದ ಗ್ಯಾಲಕ್ಟೋಸ್ ಒಂದೇ ಕಳಚಿ, ಸೋಡಿಯಂ ಹೊತ್ತ 349.1ರ ತುಣುಕು ಉಳಿಯಬಲ್ಲದು. 2'-ಫ್ಯೂಕೋಸಿಲ್‌ಲ್ಯಾಕ್ಟೋಸ್‌ನಲ್ಲಿ ಗ್ಯಾಲಕ್ಟೋಸ್ ಫ್ಯೂಕೋಸ್‌ಗೂ ಗ್ಲೂಕೋಸ್‌ಗೂ ನಡುವೆ ಸಿಕ್ಕಿಕೊಂಡಿರುವುದರಿಂದ ಹಾಗಾಗದು. ಆದರೆ ಎಚ್ಚರಿಕೆ ಬೇಕು: ಸೋಡಿಯಂ ಬದಲು ಪ್ರೋಟಾನ್ ಅಂಟಿದ ಅಯಾನುಗಳಲ್ಲಿ ಫ್ಯೂಕೋಸ್ ತನ್ನ ಜಾಗ ಬಿಟ್ಟು ಬೇರೆ ಘಟಕಕ್ಕೆ ವಲಸೆ ಹೋಗುವುದುಂಟು. ಆಗ ಮೂಲ ಅಣುವಿನಲ್ಲಿ ಇಲ್ಲದ ಜೋಡಣೆಯೇ ಇದ್ದಂತೆ ತೋರುತ್ತದೆ.

ಹೆಚ್ಚು ನಂಬಬಹುದಾದ ಸಾಕ್ಷ್ಯ ಮೀಥೈಲೀಕರಣದಿಂದ ದೊರೆಯುತ್ತದೆ. ಇದಕ್ಕೆ ಜಪಾನಿನ ಹಾಕೊಮೊರಿ 1964ರಲ್ಲಿ ಪ್ರಕಟಿಸಿದ ವಿಧಾನ ಬಹುಕಾಲ ಬಳಕೆಯಲ್ಲಿತ್ತು. ಬಂಧದಲ್ಲಿ ತೊಡಗದ ಹೈಡ್ರಾಕ್ಸಿಲ್‌ಗಳಿಗೆಲ್ಲ ಮೊದಲು ಮೀಥೈಲ್ ಗುಂಪು ಸೇರಿಸಿ, ಆಮೇಲೆ ಆಮ್ಲದಿಂದ ಸರಪಳಿಯನ್ನು ಬಿಡಿಸುತ್ತಾರೆ. ಎಲ್ಲಿ ಮೀಥೈಲ್ ಇಲ್ಲವೋ ಅಲ್ಲಿ ಬಂಧವಿತ್ತು. 2'-ಫ್ಯೂಕೋಸಿಲ್‌ಲ್ಯಾಕ್ಟೋಸ್‌ನ ಗ್ಯಾಲಕ್ಟೋಸಿನಲ್ಲಿ ಎರಡನೆಯ ಸ್ಥಾನ ಬರಿದಾಗಿರುತ್ತದೆ. ಇನ್ನೊಂದರ ಗ್ಲೂಕೋಸಿನಲ್ಲಿ ಮೂರು ಮತ್ತು ನಾಲ್ಕನೆಯವು ಬರಿದಾಗಿರುತ್ತವೆ. ಅಳತೆಯ ವೇಳೆ ಸುಲಭವಾಗಿ ಉದುರಿಬಿಡುವ ಸಿಯಾಲಿಕ್ ಆಮ್ಲವನ್ನು ಉಳಿಸಿಕೊಳ್ಳಲೂ ಇದೇ ಉಪಾಯ ನೆರವಾಗುತ್ತದೆ.

ಇಷ್ಟಾದರೂ ಬಂಧ ಆಲ್ಫಾ ಬಗೆಯದೋ ಬೀಟಾ ಬಗೆಯದೋ ಎಂಬುದು ತಿಳಿಯುವುದಿಲ್ಲ. ಅಕ್ಕಿಯ ಪಿಷ್ಟದಲ್ಲಿರುವ ಅಮೈಲೋಸ್ ಮತ್ತು ಹುಲ್ಲಿನ ಸೆಲ್ಯುಲೋಸ್ ಎರಡೂ ನಾಲ್ಕನೆಯ ಸ್ಥಾನದಲ್ಲಿ ಬೆಸೆದ ಗ್ಲೂಕೋಸ್ ಸರಪಳಿಗಳೇ. ಮೊದಲನೆಯದು ಆಲ್ಫಾ, ಎರಡನೆಯದು ಬೀಟಾ. ಮನುಷ್ಯನ ಜಠರಕ್ಕೆ ಇದು ಅನ್ನಕ್ಕೂ ಹುಲ್ಲಿಗೂ ಇರುವ ಅಂತರ, ಮೀಥೈಲೀಕರಣಕ್ಕೆ ಮಾತ್ರ ಎರಡೂ ಒಂದೇ. ಇಲ್ಲಿ ನಿರ್ದಿಷ್ಟ ಬಂಧವನ್ನಷ್ಟೇ ಕತ್ತರಿಸುವ ಕಿಣ್ವಗಳ ಸಹಾಯ ಬೇಕು. ಇಲ್ಲವೇ, ಅಯಾನುಗಳನ್ನು ಅನಿಲದ ಮೂಲಕ ಹಾಯಿಸಿ, ಆಕಾರಕ್ಕೆ ತಕ್ಕಂತೆ ಅವು ಹಿಂದುಮುಂದಾಗಿ ತಲುಪುವುದನ್ನು ಅಳೆಯಬೇಕು.