ಮನೆಯಂಗಳದ ಅಂಗಸಾಧನೆ

ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಉಂಡ ಬಾಲಕನು ನೆಲಕ್ಕೆ ಕೈಯೂರದೆ ಥಟ್ಟನೆ ಎದ್ದು ತಟ್ಟೆ ತೊಳೆಯಲು ಓಡುತ್ತಾನೆ. ಅದೇ ಬಾಲಕನು ಮೂವತ್ತು ನಲವತ್ತು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಯಾಗಿ ಅದೇ ಪಂಕ್ತಿಗೆ ಬಂದಾಗ, ಕುಳಿತುಕೊಳ್ಳುವ ಮೊದಲೇ ಕುರ್ಚಿಯಿದೆಯೇ ಎಂದು ಸುತ್ತ ನೋಡುತ್ತಾನೆ. ಈ ನಡುವಣ ಅವಧಿಯಲ್ಲಿ ಆತನು ವಿದ್ಯೆ, ಉದ್ಯೋಗ, ಮನೆ, ಮಾನಗಳನ್ನು ಸಂಪಾದಿಸಿರುತ್ತಾನೆ. ತೊಡೆಯ ಕಸುವು ಮತ್ತು ಎದೆಯ ತಾಳಿಕೆಗಳು ಮಾತ್ರ ಕಣ್ಣಿಗೆ ಬೀಳದಂತೆ ಕರಗಿಹೋಗಿರುತ್ತವೆ. ಇದನ್ನು ವಯೋಧರ್ಮವೆಂದು ಹೇಳಿ ಸುಮ್ಮನಾಗುವುದು ಲೋಕರೂಢಿ. ಆದರೆ ಈ ನಷ್ಟದಲ್ಲಿ ವಯಸ್ಸಿನ ಪಾಲು ಒಂದಾದರೆ, ದೇಹವನ್ನು ಬಳಸದೆ ಬಿಟ್ಟುದರ ಪಾಲು ಇನ್ನೊಂದು. ಎರಡನೆಯದನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು. ಅದಕ್ಕೆ ವ್ಯಾಯಾಮಶಾಲೆಯಾಗಲಿ, ಬೆಲೆಬಾಳುವ ಯಂತ್ರಗಳಾಗಲಿ ಬೇಕಿಲ್ಲ.

ಬಾವಿಯಿಂದ ನೀರು ಸೇದುವುದು, ಬೀಸುವುದು, ಕುಟ್ಟುವುದು, ಹೊರೆ ಹೊರುವುದು, ಹರದಾರಿಗಟ್ಟಲೆ ನಡೆಯುವುದು ಇವೆಲ್ಲ ಒಂದು ಕಾಲಕ್ಕೆ ದಿನಚರಿಯೇ ಆಗಿದ್ದುವು. ಆಗ ವ್ಯಾಯಾಮವೆಂಬ ಪ್ರತ್ಯೇಕ ಪದಾರ್ಥದ ಅಗತ್ಯ ಬಹುಮಂದಿಗೆ ಇರಲಿಲ್ಲ. ಕೊಳಾಯಿ, ಹಿಟ್ಟಿನ ಗಿರಣಿ, ವಾಹನಗಳು ಬಂದು ಆ ದುಡಿತದ ಭಾರವನ್ನು ಇಳಿಸಿದುವು. ಇದು ಸಂತೋಷದ ಸಂಗತಿಯೇ. ಆದರೆ ದುಡಿತ ತಪ್ಪಿದ ಮಾತ್ರಕ್ಕೆ ದೇಹದ ಬೇಡಿಕೆ ತಪ್ಪಲಿಲ್ಲ. ಹಿಂದೆ ತಾನಾಗಿ ದೊರೆಯುತ್ತಿದ್ದುದನ್ನು ಈಗ ತಿಳಿದು, ಅಳೆದು, ನಿಯಮದಿಂದ ಪಡೆಯಬೇಕಾಗಿದೆ.

ಗರಡಿಯ ಪಾಠ

ಮನೆಯ ಸಾಮಾನುಗಳಿಂದಲೇ ಮೈ ಬೆಳೆಸುವ ವಿದ್ಯೆ ಈ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ವಿಚಾರಕ್ಕೆ ಮೀಸಲಾದ ಭಾಗವಿದೆ. ಭಾರವೆತ್ತುವುದು, ನಡೆಯುವುದು, ಈಜುವುದು, ಕಂಬದೊಡನೆ ಸೆಣಸುವುದು ಮೊದಲಾದ ಶ್ರಮಗಳು ಅಲ್ಲಿ ಹೇಳಲ್ಪಟ್ಟಿವೆ. ಶಕ್ತಿಗೆ ಒಂದು ಬಗೆಯ ಅಭ್ಯಾಸ, ದಮ್ಮಿಗೆ ಇನ್ನೊಂದು ಬಗೆಯ ಅಭ್ಯಾಸ ಎಂಬ ವಿವೇಕ ಎಂಟುನೂರು ವರ್ಷಗಳಿಗೂ ಹಿಂದೆಯೇ ಇಲ್ಲಿದ್ದಿತು.

ಗರಡಿಮನೆಯ ಉಪಕರಣಗಳೂ ಸರಳವಾದವು. ದಂಡ, ಬಸ್ಕಿಗಳಿಗೆ ನೆಲವೊಂದಿದ್ದರೆ ಸಾಕು. ಉಳಿದಂತೆ ಗದೆ, ಮರದ ಮುದ್ಗರಗಳು, ಕಲ್ಲುಗುಂಡು, ಹಗ್ಗ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಕಾಳು ತುಂಬಿದ ಚೀಲವನ್ನೂ ಎತ್ತುವ ಪಂದ್ಯಗಳು ಜಾತ್ರೆಗಳಲ್ಲಿ ನಡೆಯುತ್ತ ಬಂದಿವೆ. ಭಾರತದ ಮುದ್ಗರಗಳನ್ನು ಕಂಡ ಬ್ರಿಟಿಷ್ ಸೈನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನು ತಮ್ಮ ದೇಶಕ್ಕೆ ಒಯ್ದರು. ‘ಇಂಡಿಯನ್ ಕ್ಲಬ್ಸ್’ ಎಂಬ ಹೆಸರಿನಿಂದ ಅವು ಯುರೋಪು, ಅಮೆರಿಕಗಳಲ್ಲಿ ಹಬ್ಬಿ, 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಪರ್ಧೆಯ ವಿಷಯವೂ ಆದುವು.

ಹೀಗಿದ್ದರೂ ವಿದ್ಯಾವಂತರಲ್ಲಿ ಬಸ್ಕಿಗೆ ಗೌರವವಿಲ್ಲದಿರಲು ಶಾಲೆಯೂ ಒಂದು ಕಾರಣವೆನ್ನಬೇಕು. ಮಗ್ಗಿ ತಪ್ಪಿದವನಿಗೂ ತಡವಾಗಿ ಬಂದವನಿಗೂ ಕಿವಿ ಹಿಡಿಸಿ ಬಸ್ಕಿ ಹೊಡೆಸುವ ಪದ್ಧತಿ ಬಹುಕಾಲ ನಡೆಯಿತು. ದೇಹಕ್ಕೆ ಹಿತವಾದುದನ್ನು ದಂಡನೆಯಾಗಿ ಉಂಡ ಬಾಲಕನು ದೊಡ್ಡವನಾದ ಮೇಲೆ ಅದನ್ನು ಸ್ವಸಂತೋಷದಿಂದ ಮಾಡಲಾರ. ಅಧ್ಯಾಪಕರು ಯೋಚಿಸಬೇಕಾದ ಮಾತಿದು.

ಪ್ರಯೋಗಗಳ ಸಾಕ್ಷ್ಯ

1945ರಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್ ಎಂಬಾತನು, ಯುದ್ಧದಲ್ಲಿ ಗಾಯಗೊಂಡ ಸೈನಿಕರ ದುರ್ಬಲವಾದ ಸ್ನಾಯುಗಳನ್ನು ಕುರಿತ ತನ್ನ ಚಿಕಿತ್ಸಾಕ್ರಮವನ್ನು ಪ್ರಕಟಿಸಿದನು. ಹಗುರವಾದ ಚಲನೆಯನ್ನು ನೂರಾರು ಸಲ ಮಾಡಿಸುವುದರ ಬದಲು, ಕೆಲವೇ ಸಲ ಎತ್ತಬಹುದಾದ ಭಾರವನ್ನು ಕೊಟ್ಟು, ಶಕ್ತಿ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುತ್ತ ಹೋಗುವುದು ಅದರ ತಿರುಳು. ಇಂದಿನ ಶಕ್ತಿಸಾಧನೆಯೆಲ್ಲ ಈ ತತ್ತ್ವದ ಮೇಲೆಯೇ ನಿಂತಿದೆ. ಹಗುರವಾದುದನ್ನು ಬಹಳ ಸಲ ಮಾಡಿದರೆ ತಾಳಿಕೆ ಬರುತ್ತದೆ. ಭಾರವಾದುದನ್ನು ಕೆಲವು ಸಲ ಮಾಡಿದರೆ ಶಕ್ತಿ ಬರುತ್ತದೆ. ವರ್ಷಗಟ್ಟಲೆ ಅಷ್ಟೇ ಬಸ್ಕಿಗಳನ್ನು ಹೊಡೆಯುತ್ತಿದ್ದವನ ಬಲವು ಒಂದು ಹಂತಕ್ಕೆ ಬಂದು ನಿಂತುಬಿಡುವುದು ಈ ಕಾರಣದಿಂದಲೇ.

1953ರಲ್ಲಿ ಜೆರಿ ಮಾರಿಸ್ ಮತ್ತು ಆತನ ಸಂಗಡಿಗರು ಲಂಡನ್ ನಗರದ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಅಧ್ಯಯನವು ತಾಳಿಕೆಯ ಮಹತ್ತ್ವವನ್ನು ತೋರಿಸಿತು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡು ಅಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತಗಳು ಕಡಮೆಯಾಗಿದ್ದುವು. ಮುಂದೆ ನಡೆದ ಹಲವಾರು ಅಧ್ಯಯನಗಳು ಇದೇ ದಿಕ್ಕನ್ನು ತೋರಿದುವು. ಶಾಲೆಯ ಮಹಡಿಯ ಮೆಟ್ಟಿಲೂ ಅಂಥ ಒಂದು ಉಪಕರಣವೇ ಸರಿ.

‘ಈ ವಯಸ್ಸಿನಲ್ಲಿ ಏನಾದೀತು?’ ಎಂದು ಕೇಳುವವರಿಗೆ 1990ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಉತ್ತರ ಕೊಡುತ್ತದೆ. ಅಮೆರಿಕದ ಒಂದು ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಯನ್ನು ಆರಿಸಿ, ಎಂಟು ವಾರಗಳ ಕಾಲ ಕಾಲಿನ ಭಾರಸಾಧನೆ ಮಾಡಿಸಲಾಯಿತು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ತೊಡೆಯ ಶಕ್ತಿ ಸರಾಸರಿ ಎರಡು ಪಟ್ಟಿಗೂ ಮೀರಿತು. ಸ್ನಾಯುವಿನ ಗಾತ್ರ, ನಡಿಗೆಯ ವೇಗಗಳೂ ಹೆಚ್ಚಿದುವು. ಸಾಧನೆಯನ್ನು ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಗಳಿಸಿದ ಶಕ್ತಿಯು ಇಳಿಮುಖವಾಯಿತೆಂಬುದೂ ಆ ಪ್ರಯೋಗದ ಪಾಠವೇ. ಶಕ್ತಿಯು ಠೇವಣಿಯಂತೆ ಇಟ್ಟು ಮರೆಯುವ ಹಣವಲ್ಲ; ದಿನವೂ ಎಣ್ಣೆ ಬೇಡುವ ದೀಪ.

ದೇಹದೊಳಗೆ ನಡೆಯುವುದೇನು?

ಮೊದಲ ಕೆಲವು ವಾರಗಳಲ್ಲಿ ಕಾಣುವ ಪ್ರಗತಿಯು ಹೆಚ್ಚಾಗಿ ನರಗಳ ಪ್ರಗತಿ. ಇದ್ದ ಸ್ನಾಯುತಂತುಗಳನ್ನೇ ಮಿದುಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಿಕೆಯಿಂದ ದುಡಿಸಲು ಕಲಿಯುತ್ತದೆ. ಆದುದರಿಂದ ಮೈ ತುಂಬಿಕೊಳ್ಳುವ ಮೊದಲೇ ಭಾರ ಹಗುರವೆನಿಸತೊಡಗುತ್ತದೆ. ಅಭ್ಯಾಸ ಮುಂದುವರಿದರೆ ತಂತುಗಳು ತಾವೇ ದಪ್ಪನಾಗುತ್ತವೆ. ಈ ಬೆಳವಣಿಗೆ ವ್ಯಾಯಾಮದ ಗಳಿಗೆಯಲ್ಲಿ ನಡೆಯುವುದಿಲ್ಲ. ಅನಂತರದ ವಿಶ್ರಾಂತಿಯಲ್ಲಿ ನಡೆಯುತ್ತದೆ. ತಾಳಿಕೆಯ ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುವ ಸಾಮರ್ಥ್ಯ ಪಡೆಯುತ್ತದೆ. ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಮಧುಮೇಹಿಗಳಿಗೂ ಇದು ಹಿತಕರ.

ಸಾಮಗ್ರಿ

ಬೇಕಾದ ವಸ್ತುಗಳು ಐದು: ಗೋಡೆಗೆ ಒತ್ತಿ ನಿಲ್ಲಿಸಿದ ಗಟ್ಟಿಯಾದ ಕುರ್ಚಿ, ಒಂದು ಮೆಟ್ಟಿಲು, ಹಿಡಿಯಿರುವ ಎರಡು ಬಕೆಟ್ಟುಗಳು, ಬಿಗಿಯಾಗಿ ಹೊಲಿದ ಮರಳಿನ ಚೀಲ, ಒಂದು ಹಗ್ಗ. ತೂಕವನ್ನು ಅಳೆಯುವುದೂ ಸುಲಭ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಅಷ್ಟೇ ಅಳತೆಯ ಒಣಮರಳು ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಅರ್ಧ ಲೀಟರಿನಷ್ಟೇ ನೀರನ್ನು ಹೆಚ್ಚಿಸುತ್ತ ಹೋಗಬಹುದಾದುದರಿಂದ, ಬಕೆಟ್ಟಿನಷ್ಟು ಸೂಕ್ಷ್ಮವಾಗಿ ಏರಿಸಬಲ್ಲ ಭಾರ ಬೇರೊಂದಿಲ್ಲ.

ಅಭ್ಯಾಸ ಕ್ರಮ

ವಾರದಲ್ಲಿ ಮೂರು ದಿನ ಶಕ್ತಿಸಾಧನೆ. ಅವುಗಳ ನಡುವೆ ಒಂದೊಂದು ದಿನದ ಬಿಡುವು. ಮೊದಲು ಐದು ನಿಮಿಷ ನಡೆದು, ಕೈಕಾಲುಗಳನ್ನು ಆಡಿಸಿ ಮೈ ಬೆಚ್ಚಗಾಗಿಸಿಕೊಳ್ಳಬೇಕು. ತರುವಾಯ ಈ ಐದು ಅಭ್ಯಾಸಗಳು.

ಮೊದಲನೆಯದು ಬಸ್ಕಿ. ಆರಂಭದಲ್ಲಿ ಕುರ್ಚಿಯ ಮೇಲೆ ಕುಳಿತು, ತೋಳುಗಳನ್ನು ಎದೆಯ ಮೇಲೆ ಕಟ್ಟಿ, ಕೈಯ ನೆರವಿಲ್ಲದೆ ಏಳಬೇಕು. ಅದು ಹಗುರವಾದಾಗ ಕುರ್ಚಿಯನ್ನು ಮುಟ್ಟಿದಂತೆ ಮಾಡಿ ಏಳಬೇಕು. ಆ ಬಳಿಕ ಕುರ್ಚಿಯಿಲ್ಲದೆ. ಕೊನೆಗೆ ಮರಳಿನ ಚೀಲವನ್ನು ಎದೆಗಪ್ಪಿಕೊಂಡು. ತುದಿಗಾಲ ಮೇಲೆ ವೇಗವಾಗಿ ಮಾಡುವ ಗರಡಿಯ ಬಸ್ಕಿ ಪಳಗಿದ ತರುಣರಿಗೆ ಮಾತ್ರ ತಕ್ಕುದು. ಉಳಿದವರು ಪೂರ್ತಿ ಅಂಗಾಲನ್ನು ನೆಲಕ್ಕೂರಿ ನಿಧಾನವಾಗಿ ಮಾಡುವುದು ಲೇಸು.

ಎರಡನೆಯದು ದಂಡ. ನೆಲದ ಮೇಲಿನ ದಂಡದಲ್ಲಿ ದೇಹಭಾರದ ಸುಮಾರು ಮೂರನೆಯ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. ಮೊದಲ ದಿನವೇ ಅದನ್ನು ಹೊರುವುದು ಎಲ್ಲರಿಗೂ ಸಾಧ್ಯವಲ್ಲ. ಆದುದರಿಂದ ಮೊದಲು ಗೋಡೆಗೆ ಕೈಯಾನಿಸಿ, ಮುಂದೆ ಗಟ್ಟಿಯಾದ ಮೇಜಿನ ಅಂಚಿಗೆ, ಆಮೇಲೆ ಮೆಟ್ಟಿಲಿಗೆ, ಕೊನೆಗೆ ನೆಲಕ್ಕೆ ಇಳಿಯಬೇಕು.

ಮೂರನೆಯದು ಎಳೆತ. ಒಂದು ಕೈಯನ್ನು ಕುರ್ಚಿಯ ಮೇಲೂರಿ, ಬೆನ್ನನ್ನು ನೇರವಾಗಿರಿಸಿ ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಬಕೆಟ್ಟನ್ನು ಪಕ್ಕೆಯವರೆಗೆ ಎಳೆಯಬೇಕು. ಮೇಜಿನ ಮೇಲೆ ಬಾಗಿ ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರ ಬೆನ್ನಿಗೆ ಇದು ಬಹು ಉಪಯುಕ್ತ.

ನಾಲ್ಕನೆಯದು ನೆಲದಿಂದ ಎತ್ತುವುದು. ಚೀಲವನ್ನು ಪಾದಗಳ ನಡುವೆ ಇರಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿ, ಬೆನ್ನು ಗೂನಾಗದಂತೆ ನೋಡಿಕೊಂಡು, ಕಾಲಿನ ಬಲದಿಂದ ಎತ್ತಿ ನಿಲ್ಲಬೇಕು. ಅದೇ ಕ್ರಮದಲ್ಲಿ ಇಳಿಸಬೇಕು.

ಐದನೆಯದು ಹೊರುವುದು. ಎರಡು ಕೈಗಳಲ್ಲಿ ನೀರು ತುಂಬಿದ ಬಕೆಟ್ಟುಗಳನ್ನು ಹಿಡಿದು, ನೀರು ತುಳುಕದಂತೆ ಅಂಗಳದಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ನಡೆಯಬೇಕು. ಹಿಡಿತ, ಹೆಗಲು, ನಡು, ಕಾಲು ಎಲ್ಲಕ್ಕೂ ಏಕಕಾಲದಲ್ಲಿ ಕೆಲಸ ದೊರೆಯುತ್ತದೆ. ತುಳುಕಿದ ನೀರು ನಡಿಗೆಯ ತಪ್ಪನ್ನು ತಾನೇ ತೋರಿಸಿಕೊಡುತ್ತದೆ.

ಮೊದಲ ನಾಲ್ಕನ್ನು ಎಂಟೆಂಟು ಸಲದಂತೆ ಎರಡು ಸುತ್ತು ಮಾಡಿ ಆರಂಭಿಸಬೇಕು. ಸುತ್ತುಗಳ ನಡುವೆ ಒಂದೆರಡು ನಿಮಿಷ ವಿರಾಮ. ದಿನ ಕಳೆದಂತೆ ಎಂಟನ್ನು ಹನ್ನೆರಡಕ್ಕೆ ಏರಿಸಬೇಕು. ಹನ್ನೆರಡು ಸಲೀಸಾದಾಗ ಸಂಖ್ಯೆಯನ್ನು ಬೆಳೆಸದೆ ಭಾರವನ್ನು ಬೆಳೆಸಿ, ಮತ್ತೆ ಎಂಟರಿಂದ ತೊಡಗಬೇಕು. ಇನ್ನೂ ಎರಡು ಸಲ ಮಾಡಬಲ್ಲೆನೆನ್ನುವಾಗಲೇ ನಿಲ್ಲಿಸುವುದು ವಿವೇಕ. ವ್ಯಾಯಾಮವನ್ನು ಅರ್ಧಶಕ್ತಿಯ ಮಿತಿಯಲ್ಲಿ ಮಾಡಬೇಕೆಂದು ಆಯುರ್ವೇದದ ಗ್ರಂಥಗಳು ವಿಧಿಸಿರುವುದರ ಹಿಂದೆಯೂ ಇಂಥದೇ ಎಚ್ಚರವಿದೆ.

ತಾಳಿಕೆಗೆ ಬಿರುಸಾದ ನಡಿಗೆ, ಮೆಟ್ಟಿಲೇರುವುದು, ಹಗ್ಗ ಜಿಗಿಯುವುದು ಇವುಗಳಲ್ಲಿ ಯಾವುದಾದರೂ ಆದೀತು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಇದೇ ಸರಿಯಾದ ವೇಗದ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಶ್ರಮವೂ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸವೂ ಅವಶ್ಯ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳು ಬೇಕು. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ವಯಸ್ಕರ ಮೊದಲ ಮಿತಿ ತುಂಬುತ್ತದೆ.

ಪರೀಕ್ಷೆ ಮತ್ತು ಎಚ್ಚರಿಕೆ

ಶಾಲೆಗೆ ಪರೀಕ್ಷೆಯಿರುವಂತೆ ದೇಹಕ್ಕೂ ಒಂದು ಇರಲಿ. ತೋಳು ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿಯಾಗಿ ಎದ್ದು ನಿಲ್ಲಬಹುದೆಂದು ಎಣಿಸಬೇಕು. ಅರವತ್ತರಿಂದ ಅರವತ್ತನಾಲ್ಕರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಮೆ ಸಲ ಎದ್ದರೆ ಕಾಲುಗಳು ಸರಾಸರಿಗಿಂತ ದುರ್ಬಲವೆಂದೂ, ಬೀಳುವ ಅಪಾಯ ಹೆಚ್ಚೆಂದೂ ತಿಳಿಯಬೇಕು. ತಿಂಗಳಿಗೊಮ್ಮೆ ಎಣಿಸಿ ದಿನಚರಿಯಲ್ಲಿ ಬರೆದಿಟ್ಟರೆ ಪ್ರಗತಿ ಕಣ್ಣಿಗೆ ಕಾಣುತ್ತದೆ.

ಭಾರವೆತ್ತುವಾಗ ಉಸಿರು ಕಟ್ಟಬಾರದು. ಕಟ್ಟಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಎತ್ತುವಾಗ ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಮರುದಿನದ ಮೈನೋವು ಸಹಜ; ಕೀಲಿನಲ್ಲಿ ಚುಚ್ಚುವ ನೋವು ಸಹಜವಲ್ಲ. ಎದೆ, ದವಡೆ, ಎಡತೋಳುಗಳಲ್ಲಿ ಬಿಗಿತವಾಗಲಿ, ತಲೆಸುತ್ತಾಗಲಿ ಕಂಡರೆ ಅಲ್ಲಿಗೇ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು. ಹೃದ್ರೋಗ, ರಕ್ತದೊತ್ತಡಗಳುಳ್ಳವರೂ, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರೂ ಆರಂಭಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು.

ಆಹಾರದ ವಿಷಯದಲ್ಲಿ ವಿಶೇಷ ಪುಡಿಗಳ ಅಗತ್ಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋಗ್ರಾಂ ತೂಕದವರಿಗೆ ಸುಮಾರು 50 ಗ್ರಾಂ. ರೊಟ್ಟಿಯ ಜೊತೆಗೆ ಬೇಳೆ, ಮೊಳಕೆಕಾಳು, ಶೇಂಗಾ, ಹಾಲು ಮೊಸರುಗಳು ನಿತ್ಯವೂ ಇದ್ದರೆ ಅದು ಮನೆಯ ಊಟದಲ್ಲಿಯೇ ಒದಗುತ್ತದೆ.

ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಸ್ತರರ ಸೀಟಿಗೆ ತಪ್ಪದೆ ಹಾಜರಾಗುತ್ತಿದ್ದವರಿಗೆ ಇಂದು ಸೀಟಿ ಊದುವವರಿಲ್ಲ. ತಮ್ಮ ಸೀಟಿಯನ್ನು ತಾವೇ ಊದಿಕೊಳ್ಳಬೇಕು. ವ್ಯಾಯಾಮಶಾಲೆಗೆ ದಾನ ಕೊಡಬಯಸುವವರ ಔದಾರ್ಯ ದೊಡ್ಡದು. ಆದರೆ ಆ ದಾನಿಯೂ, ಅಧ್ಯಾಪಕರೂ ತಮ್ಮ ಅಂಗಳದಲ್ಲಿ ದಿನಕ್ಕೆ ಅರ್ಧ ಗಂಟೆ ಬಕೆಟ್ಟು ಹಿಡಿದು ನಡೆಯುವುದನ್ನು ಮಕ್ಕಳು ಕಂಡರೆ, ಅದರಿಂದ ಕಲಿಯುವ ಪಾಠ ಕಟ್ಟಡಕ್ಕಿಂತ ಹೆಚ್ಚು ಕಾಲ ಬಾಳೀತು. ಮುಂದಿನ ಸಮಾರಂಭದ ಪಂಕ್ತಿಯಲ್ಲಿ, ಉಂಡು ಮುಗಿಸಿ, ನೆಲಕ್ಕೆ ಕೈಯೂರದೆ ಏಳುವ ಹಿರಿಯರೊಬ್ಬರನ್ನು ಕಂಡು ಎದುರು ಸಾಲಿನ ಬಾಲಕನು ಬೆರಗಾದರೆ, ಅಂಗಳದ ಸಾಧನೆಗೆ ಅದಕ್ಕಿಂತ ಬೇರೆ ಪ್ರಶಸ್ತಿಪತ್ರ ಬೇಡ.